23ರ ಹುಡುಗಿ, 46ರ ರಾಣಿ: ಕಿತ್ತೂರಿಗೆ ಹೋಗಿಬಂದದ್ದು

ರಾಣಿಯ ಊರಿಗೆ ರಾಣಿಯ ಹೆಸರಿನ ರೈಲಿನಲ್ಲೇ ಹೋಗಬೇಕೆಂದು ಹಟ ಹಿಡಿದವರು ನನ್ನ ಸೋದರತ್ತೆ. ರಾತ್ರಿ ಬೆಂಗಳೂರಿನಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಿಗ್ಗೆ ಧಾರವಾಡ. ಅಲ್ಲಿಂದ ಬೆಳಗಾವಿ ದಿಕ್ಕಿಗೆ ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಕಿತ್ತೂರು. ಮಂಡ್ಯ ಸೀಮೆಯಲ್ಲೇ ಎಪ್ಪತ್ತು ದಾಟಿಸಿದ ಅತ್ತೆ ಈ ಕಡೆ ಕಾಲಿಟ್ಟವರೇ ಅಲ್ಲ. ಆದರೂ ಕಿತ್ತೂರನ್ನು ಚೆನ್ನಾಗಿ ಬಲ್ಲೆ ಅನ್ನುವ ಧಾಟಿ ಅವರದು. ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ ಅವರೂರಿನ ಟೆಂಟಿಗೆ ಬಂದಾಗ ನೆಲದ ಮೇಲೆ ಕೂತು, ಮರುದಿನ ಮತ್ತೆ ಹೋಗಿ ನೋಡಿದ್ದರಂತೆ. ಕಪ್ಪದ ಮಾತು ಬಂದರೆ ಇವತ್ತಿಗೂ ಸೆರಗು ಬಿಗಿದು ಎದ್ದು ನಿಲ್ಲುತ್ತಾರೆ.

2025ರ ಜುಲೈ 14ರಂದು, ಆ ಚಿತ್ರದಲ್ಲಿ ಚೆನ್ನಮ್ಮನಾಗಿದ್ದ ಬಿ. ಸರೋಜಾದೇವಿ ಬೆಂಗಳೂರಿನ ಮಲ್ಲೇಶ್ವರದ ಮನೆಯಲ್ಲಿ ತೀರಿಕೊಂಡರು. ವಯಸ್ಸು 87. ಮರುದಿನ ಚನ್ನಪಟ್ಟಣ ತಾಲೂಕಿನ ದಶವಾರದಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ಆಯಿತು. ಕಣ್ಣುಗಳನ್ನು ದಾನ ಮಾಡಿದ್ದರು. ದಶವಾರಕ್ಕೆ ಕರೆದುಕೊಂಡು ಹೋಗಲೇ ಎಂದು ನಾನು ಕೇಳಿದರೆ ಅತ್ತೆ, “ಅದು ಇಲ್ಲೇ ಪಕ್ಕದಲ್ಲೈತೆ ಕಣವ್ವ, ಯಾವಾಗ ಬೇಕಾದ್ರೂ ಹೋಗ್ಬೋದು. ನಂಗೆ ಕಿತ್ತೂರು ತೋರ್ಸು” ಅಂದರು. ಹೀಗೆ ಮಳೆ ಬಿಟ್ಟೂ ಬಿಡದ ಒಂದು ಬೆಳಿಗ್ಗೆ ನಾವು ಧಾರವಾಡದ ಬಸ್ ನಿಲ್ದಾಣದಲ್ಲಿದ್ದೆವು.

ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ಹೆಂಗಸರದೇ ರಾಜ್ಯ. ಶೂನ್ಯ ದರದ ಟಿಕೆಟನ್ನು ಅತ್ತೆ ಮಡಿಸಿ ಪರ್ಸಿಗಿಟ್ಟುಕೊಂಡರು. ಪಕ್ಕದಲ್ಲಿ ಕೂತ ಹೆಣ್ಣುಮಗಳು “ಎಲ್ಲಿಗ್ರೀ ಅಮ್ಮಾರ?” ಅಂದದ್ದೇ ತಡ, ಶುರುವಾಯಿತು ಸರೋಜಾದೇವಿ ಪುರಾಣ. ಅತ್ತೆ ಬಿಟ್ಟದ್ದನ್ನು ನಾನು ತುಂಬಿದೆ.

1938ರ ಜನವರಿ 7ರಂದು ಬೆಂಗಳೂರಿನಲ್ಲಿ ಹುಟ್ಟಿದ ಹುಡುಗಿ. ತಂದೆ ಭೈರಪ್ಪ ಪೊಲೀಸ್ ಇಲಾಖೆಯವರು, ತಾಯಿ ರುದ್ರಮ್ಮ. ಪೊಲೀಸರ ಮನೆಯಲ್ಲಿ ಮಗಳನ್ನು ಸಿನಿಮಾಕ್ಕೆ ಕಳಿಸುವುದೆಂದರೆ ಆ ಕಾಲದಲ್ಲಿ ಸಣ್ಣ ಸಂಗತಿಯಲ್ಲ, ಆದರೆ ಇಲ್ಲಿ ನೃತ್ಯ ಕಲಿ ಎಂದವರೂ ಸ್ಟುಡಿಯೋವರೆಗೆ ಜೊತೆಗೆ ಹೋದವರೂ ಅಪ್ಪನೇ. ಕಡಿವಾಣ ಅಮ್ಮನ ಕೈಯಲ್ಲಿ: ತೋಳಿಲ್ಲದ ರವಿಕೆ ಕೂಡದು, ಈಜುಡುಗೆ ಕೂಡಲೇ ಕೂಡದು. ಮಗಳು ಕೊನೆತನಕ ಅದನ್ನು ಮೀರಲಿಲ್ಲ. ಹೊನ್ನಪ್ಪ ಭಾಗವತರ್ ಕಣ್ಣಿಗೆ ಬಿದ್ದು 1955ರಲ್ಲಿ ‘ಮಹಾಕವಿ ಕಾಳಿದಾಸ’ಕ್ಕೆ ಬಂದಾಗ ಆಕೆಗೆ 17. ಎರಡು ವರ್ಷಕ್ಕೆ ‘ಪಾಂಡುರಂಗ ಮಹಾತ್ಮ್ಯಂ’ ಮೂಲಕ ತೆಲುಗು. 1958ರಲ್ಲಿ ಎಂ.ಜಿ.ಆರ್. ತಾವೇ ನಿರ್ದೇಶಿಸಿದ ‘ನಾಡೋಡಿ ಮನ್ನನ್’. ಆ ಚಿತ್ರದ ಮೊದಲ ಭಾಗ ಕಪ್ಪುಬಿಳುಪು, ಅದರಲ್ಲಿ ನಾಯಕಿ ಭಾನುಮತಿ. ಉತ್ತರಾರ್ಧದಲ್ಲಿ ಪರದೆಗೆ ಬಣ್ಣ ಬರುತ್ತದೆ, ಸರೋಜಾದೇವಿ ಬರುತ್ತಾರೆ. ಇದಕ್ಕಿಂತ ಒಳ್ಳೆಯ ಪ್ರವೇಶವನ್ನು ಯಾವ ನಟಿ ತಾನೇ ಬೇಡಿಯಾಳು? ಮರುವರ್ಷ ‘ಪೈಗಾಮ್’ನಲ್ಲಿ ದಿಲೀಪ್ ಕುಮಾರ್ ಜೊತೆ ಹಿಂದಿ. ನಾಲ್ಕು ವರ್ಷದೊಳಗೆ ನಾಲ್ಕು ಭಾಷೆ. ‘ಚತುರ್ಭಾಷಾ ತಾರೆ’ ಅಂತ ಪತ್ರಿಕೆಗಳು ಕರೆದದ್ದು ಬರೀ ಹೊಗಳಿಕೆಯಲ್ಲ. ತಮಿಳರಂತೂ ‘ಕನ್ನಡತ್ತು ಪೈಂಗಿಳಿ’ ಎಂದೇ ಹೆಸರಿಟ್ಟು, ಆಕೆಯ ಮುದ್ದುಮುದ್ದು ಉಚ್ಚಾರಣೆಯನ್ನೇ ಮೆಚ್ಚಿಕೊಂಡರು.

“ಅಕಿ ದನಿ ಭಾಳ ಸಣ್ಣದ ಅದ ಬಿಡ್ರಿ” ಎಂದು ಆ ಹೆಣ್ಣುಮಗಳು ಹೇಳಿ ಇಳಿದುಹೋದಳು. ಅತ್ತೆಗೆ ಸ್ವಲ್ಪ ಹೊತ್ತು ಬೇಜಾರು.

ಹೆದ್ದಾರಿಯಿಂದ ಕಿತ್ತೂರಿಗೆ ತಿರುಗುವ ಕಡೆ ಕುದುರೆಯೇರಿದ ಚೆನ್ನಮ್ಮನ ಪ್ರತಿಮೆ ಇದೆ. ಹುಬ್ಬಳ್ಳಿಯಲ್ಲೂ ಚೆನ್ನಮ್ಮ ಕುದುರೆ ಮೇಲೆ, ಇಲ್ಲೂ ಕುದುರೆ ಮೇಲೆ. ಕೋಟೆ ಊರೊಳಗೆ. ದೊಡ್ಡ ಕೋಟೆ ನೋಡಿ ಬಂದವರಿಗೆ ಇದು ಮೊದಲ ನೋಟಕ್ಕೆ ನಿರಾಸೆಯೇ: ಹುಲ್ಲು ಬೆಳೆದ ಬುರುಜು, ಅರ್ಧಕ್ಕೆ ನಿಂತ ದಪ್ಪ ಗೋಡೆಗಳು, ಸೂರೇ ಇಲ್ಲದ ಅರಮನೆ. ಗೆದ್ದ ಮೇಲೆ ಇಂಗ್ಲಿಷರು ಉಳಿಸಿದ್ದು ಇಷ್ಟು. ಆದರೆ ಸಾವಕಾಶವಾಗಿ ತಿರುಗಿದರೆ ಅರಮನೆ ತಾನಾಗಿ ಎದ್ದು ನಿಲ್ಲುತ್ತದೆ. ಇದು ಊಟದ ಪಡಸಾಲೆ, ಇದು ಬಚ್ಚಲು, ಇದು ನೀರು ಹರಿಯಲು ಮಾಡಿದ ಕಾಲುವೆ, ಇಗೋ ಬಾವಿ. ಒಂದು ಗೋಡೆಯಲ್ಲಿ ಧ್ರುವನಕ್ಷತ್ರ ನೋಡಲೆಂದೇ ಕೂರಿಸಿದ ಕೊಳವೆಯಂಥ ಕಿಂಡಿ. ಹಗಲಾದ್ದರಿಂದ ನಮಗೆ ಕಂಡದ್ದು ಮೋಡದ ಒಂದು ಚೂರು.

ಅತ್ತೆ ಮಾತ್ರ ಬೇರೇನನ್ನೋ ಹುಡುಕುತ್ತಿದ್ದರು. ದರ್ಬಾರಿನ ಮೆಟ್ಟಿಲು ಯಾವುದು, ಆ ಕಂಬಗಳೆಲ್ಲಿ ಎಂದು ಅಲ್ಲಿದ್ದ ಕಾವಲಿನವರನ್ನು ಕೇಳಿದರು.

“ಸಿನಿಮಾದಾಗಿನ ಕ್ವಾಟಿ ಹುಡುಕಾಕತ್ತೀರೇನ್ರಿ ಅಮ್ಮಾರ?” ಅವರು ನಕ್ಕರು. “ಬಂದವರೆಲ್ಲಾ ಅದನ್ನ ಕೇಳ್ತಾರ. ಅದು ಇಲ್ಲಿ ಇಲ್ರಿ.”

ಹೌದು, ಎಲ್ಲಿರಬೇಕು? ಆ ಕಾಲದ ಕನ್ನಡ ಚಿತ್ರಗಳು ಬಹುಪಾಲು ತಯಾರಾಗುತ್ತಿದ್ದದ್ದು ಮದ್ರಾಸಿನ ಸ್ಟುಡಿಯೋಗಳಲ್ಲಿ. ಕೋಲಾರ ಕಡೆಯ ಪಂತುಲು 1959ರಲ್ಲಿ ತಮಿಳಿನಲ್ಲಿ ಶಿವಾಜಿ ಗಣೇಶನ್ ಅವರನ್ನಿಟ್ಟುಕೊಂಡು ‘ವೀರಪಾಂಡ್ಯ ಕಟ್ಟಬೊಮ್ಮನ್’ ಮಾಡಿ ಗೆದ್ದಿದ್ದರು. ಎರಡು ವರ್ಷದ ಮೇಲೆ ಅಂಥದೇ ಹುರುಪಿನಲ್ಲಿ ಕನ್ನಡಕ್ಕೆ ಚೆನ್ನಮ್ಮನನ್ನು ತಂದರು. ರಾಣಿಯ ಗಂಡ ಮಲ್ಲಸರ್ಜನಾಗಿ ರಾಜ್‌ಕುಮಾರ್, ಸಂಗೀತ ಟಿ.ಜಿ. ಲಿಂಗಪ್ಪ. ಚಿತ್ರಕ್ಕೆ ರಾಷ್ಟ್ರ ಪ್ರಶಸ್ತಿಯೂ ಬಂತು.

ಕೋಟೆಯೊಳಗಿನ ವಸ್ತುಸಂಗ್ರಹಾಲಯದಲ್ಲಿ ಕತ್ತಿ, ಕೆತ್ತನೆಯ ಬಾಗಿಲು, ಶಿಲ್ಪಗಳನ್ನೆಲ್ಲ ದಾಟಿ ಹೋಗುವಾಗ ನನ್ನ ತಲೆಯಲ್ಲಿ ಒಂದು ಲೆಕ್ಕ ಕೊರೆಯಲು ಶುರುವಾಯಿತು. ಕಾಕತಿಯಲ್ಲಿ ಚೆನ್ನಮ್ಮ ಹುಟ್ಟಿದ್ದು 1778ರಲ್ಲಿ. ಮಲಮಗ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡು, ದತ್ತು ಒಪ್ಪುವುದಿಲ್ಲವೆಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ದಂಡೆತ್ತಿ ಬಂದು, ಅಕ್ಟೋಬರ್ 23ರಂದು ಈ ಕೋಟೆಯ ಮುಂದೆಯೇ ಸತ್ತಾಗ ರಾಣಿಗೆ 46. ವಿಧವೆಯಾಗಿ ಎಂಟು ವರ್ಷ ಕಳೆದಿತ್ತು. 1961ರಲ್ಲಿ ಸರೋಜಾದೇವಿಗೆ 23. ಸರಿಯಾಗಿ ಅರ್ಧ!

ಅದೇ ವರ್ಷ ಆಕೆ ತಮಿಳಿನಲ್ಲಿ ‘ಪಾಲುಂ ಪಳಮುಂ’, ‘ತಿರುಡಾದೆ’ಯಂಥ ಚಿತ್ರಗಳಲ್ಲೂ ಇದ್ದರು. ಅತ್ತ ಹಾಡಿ ಕುಣಿಯುವ ಪ್ರೇಯಸಿ, ಇತ್ತ ಮಗನನ್ನು ಮಣ್ಣು ಮಾಡಿ ಕತ್ತಿ ಹಿಡಿದ ರಾಣಿ. ನನಗೆ ಕೇಳಿದರೆ, ಚಿತ್ರದ ಮೊದಲರ್ಧದ ತುಂಟ ಚೆನ್ನಮ್ಮ ಆಕೆಗೆ ಸಲೀಸು. ಹಿರಿಯ ಚೆನ್ನಮ್ಮನನ್ನು ಆಕೆ ಪ್ರಾಯದಿಂದ ತಂದದ್ದಲ್ಲ, ನಿಲುವಿನಿಂದ ತಂದದ್ದು. ನೆಟ್ಟಗೆ ಬೆನ್ನು, ಕದಲದ ಕಣ್ಣು. ದನಿ ಸಣ್ಣದೇ, ಬಸ್ಸಿನವಳು ಹೇಳಿದ್ದು ನಿಜ. ಆದರೆ ಆ ಸಣ್ಣ ದನಿ ಕಪ್ಪದ ಮಾತಿಗೆ ಏರಿದಾಗ ಕೇಳುವವರಿಗೆ ಗದ್ಗದವಾಗುತ್ತದಲ್ಲ, ಭಾರಿ ದನಿಯವಳಾಗಿದ್ದರೆ ಹಾಗಾಗುತ್ತಿತ್ತೋ ಇಲ್ಲವೋ. ಅಂತೂ ಕನ್ನಡಿಗರಿಗೆ ಚೆನ್ನಮ್ಮನ ಮುಖ ಅಂದರೆ ಆ ಹುಡುಗಿಯ ಮುಖ ಎಂದಾಗಿಹೋಯಿತು. ಶಾಲೆಯ ವೇಷಭೂಷಣ ಸ್ಪರ್ಧೆಗೆ ಚೆನ್ನಮ್ಮನಾಗಿ ನಿಲ್ಲುವ ಮಕ್ಕಳು ಇವತ್ತಿಗೂ ಹುಬ್ಬು ಏರಿಸುವುದು ಆಕೆಯ ಥರವೇ.

ಮಧ್ಯಾಹ್ನ ಗಿರಮಿಟ್ಟು, ಮೆಣಸಿನಕಾಯಿ ಭಜಿ ತಿಂದು ಬೈಲಹೊಂಗಲದ ಬಸ್ಸು ಹಿಡಿದೆವು. ರಸ್ತೆಯ ಬಗ್ಗೆ ಹೇಳುವಂಥದ್ದೇನಿಲ್ಲ. ಎರಡೂ ಬದಿ ಕರಿಮಣ್ಣು, ಅತ್ತೆಗೆ ನಿದ್ದೆ.

1824ರ ಡಿಸೆಂಬರಿನಲ್ಲಿ ಇನ್ನೂ ದೊಡ್ಡ ದಂಡು ಬಂದು ಕಿತ್ತೂರು ಬಿತ್ತು. ರಾಣಿಯನ್ನು ಸೆರೆಯಿಟ್ಟದ್ದು ಬೈಲಹೊಂಗಲದಲ್ಲಿ. ಅಲ್ಲೇ 1829ರ ಫೆಬ್ರುವರಿಯಲ್ಲಿ ತೀರಿಕೊಂಡರು. ಸಮಾಧಿ ಊರೊಳಗೇ, ಒಂದು ಚಿಕ್ಕ ಉದ್ಯಾನದೊಳಗಿದೆ. ಕಿತ್ತೂರಿಗೆ ಹೋದವರಲ್ಲಿ ಎಷ್ಟೋ ಮಂದಿ ಇಲ್ಲಿಗೆ ಬರುವುದೇ ಇಲ್ಲ, ಅದು ತಪ್ಪು. ಕುದುರೆ ಇಳಿದ ಚೆನ್ನಮ್ಮನನ್ನು ನೋಡಬೇಕಿದ್ದರೆ ಇಲ್ಲಿಗೇ ಬರಬೇಕು.

ಅಲ್ಲಿ ಕಟ್ಟೆಯ ಮೇಲೆ ಅತ್ತೆಯ ವಾರಿಗೆಯ ಒಬ್ಬ ಅಜ್ಜಿ ಕೂತಿದ್ದರು. ಯಾವ ಊರು, ಎಷ್ಟು ಮಕ್ಕಳು ಎಲ್ಲ ಆದ ಮೇಲೆ ಅತ್ತೆ ಮೆಲ್ಲಗೆ ಕೇಳಿದರು: “ಚೆನ್ನಮ್ಮ ಸಿನಿಮಾ ನೋಡಿದ್ದೀರಾ?”

“ನೋಡೇನ್ರಿ. ಸರೋಜಾದೇವಿ ಭಾಳ ಚಲೋ ಮಾಡ್ಯಾಳ. ಆದ್ರ ಅಕಿ ಸಣ್ಣ ಹುಡುಗಿ ಇದ್ಲಲ್ರಿ. ನಮ್ಮ ಚೆನ್ನಮ್ಮ ದೊಡ್ಡಾಕಿ. ಗಂಡನ್ನ, ಮಗನ್ನ ಕಳಕೊಂಡು ನಿಂತಾಕಿ. ಅದು ಆ ಹುಡುಗಿಗೆ ಹೆಂಗ ಗೊತ್ತಾಗಬೇಕು?”

ಅತ್ತೆ ಸುಮ್ಮನಿರುವ ಪೈಕಿ ಅಲ್ಲ. “ಆಗ ಗೊತ್ತಿರ್ಲಿಲ್ಲ, ನಿಜ. ಆಮೇಲೆ ಗೊತ್ತಾಯ್ತಲ್ಲ ಕಣ್ರೀ” ಎಂದು ಪಕ್ಕದಲ್ಲೇ ಕೂತುಬಿಟ್ಟರು. 1967ರಲ್ಲಿ ಎಂಜಿನಿಯರ್ ಶ್ರೀಹರ್ಷ ಅವರೊಡನೆ ಮದುವೆಯಾದದ್ದು, ಮದುವೆಯಾದ ಮೇಲೂ ನಟಿಸಿದ್ದು, ‘ಮಲ್ಲಮ್ಮನ ಪವಾಡ’, ‘ಬಬ್ರುವಾಹನ’ ಎಲ್ಲ ಹೇಳಿದರು. 1986ರಲ್ಲಿ ಗಂಡ ಹೋದದ್ದು, ಸಾಕಿಕೊಂಡ ಮಗಳು ಭುವನೇಶ್ವರಿಯೂ ಹೋದದ್ದು, ಆ ಮಗಳ ಹೆಸರಿನಲ್ಲಿ ಸಾಹಿತ್ಯಕ್ಕೆ ಪ್ರಶಸ್ತಿ ಇಟ್ಟದ್ದನ್ನೂ ಬಿಡಲಿಲ್ಲ. ಪದ್ಮಶ್ರೀ, ಪದ್ಮಭೂಷಣ ಎರಡನ್ನೂ ಮರೆತರು, ನಾನೂ ನೆನಪಿಸಲಿಲ್ಲ. ‘ಯಾರಿವನು’ ಚಿತ್ರದಲ್ಲಿ ಆಕೆಯ ಮಗನಾಗಿದ್ದ ಪುಟ್ಟ ಪುನೀತ್, 35 ವರ್ಷದ ಮೇಲೆ ‘ನಟಸಾರ್ವಭೌಮ’ದಲ್ಲಿ ಎದುರಿಗೆ ಬಂದದ್ದಕ್ಕೆ ಬಂದಾಗ ಇಬ್ಬರೂ ಕಣ್ಣೊರೆಸಿಕೊಂಡರು, ಪುನೀತ್‌ಗಾಗಿ. ನನಗೆ ಇಷ್ಟವಾದ ಸರೋಜಾದೇವಿ ಮಾತ್ರ ಪುಟ್ಟಣ್ಣನವರ ‘ಕಥಾ ಸಂಗಮ’ದ ‘ಅತಿಥಿ’ ಕಥೆಯಲ್ಲಿರುವವರು. ಕಿರೀಟವಿಲ್ಲ, ಕತ್ತಿಯಿಲ್ಲ, ನಡುವಯಸ್ಸಿನ ಒಂಟಿ ಹೆಂಗಸು. ಇದನ್ನು ಹೇಳಲು ಬಾಯಿ ತೆರೆದೆ, ಇಬ್ಬರೂ ಜಾಗ ಕೊಡಲಿಲ್ಲ.

“ಹಂಗಾರ ಅಕಿ ಮುದುಕಿ ಆದಮ್ಯಾಲೆ ಇನ್ನೊಮ್ಮೆ ಚೆನ್ನಮ್ಮ ಮಾಡಬೇಕಿತ್ತು ನೋಡ್ರಿ” ಅಂದರು ಅಜ್ಜಿ.

ಇದಕ್ಕೆ ಅತ್ತೆಯ ಬಳಿ ಉತ್ತರವಿರಲಿಲ್ಲ. ಬೆಳಗಾವಿಯ ಬಸ್ಸು ತುಂಬಿಕೊಂಡು ಬಂತು, ನಿಂತೇ ಹೋದೆವು. ಆ ಸೆಪ್ಟೆಂಬರಿನಲ್ಲಿ ಸರ್ಕಾರ ಸರೋಜಾದೇವಿಗೆ ಮರಣೋತ್ತರವಾಗಿ ಕರ್ನಾಟಕ ರತ್ನ ಘೋಷಿಸಿದಾಗ ಅತ್ತೆ ಫೋನು ಮಾಡಿ, ಬೈಲಹೊಂಗಲದ ಅಜ್ಜಿಗೆ ಹೇಗಾದರೂ ಈ ಸುದ್ದಿ ಮುಟ್ಟಿಸಲು ಆಗುತ್ತದಾ ಎಂದು ಕೇಳಿದರು. ಅಜ್ಜಿಯ ಹೆಸರೇ ನಾವು ಕೇಳಿರಲಿಲ್ಲ.