ಟಾಸ್ಕ್‌ಬಾರ್‌ನಲ್ಲಿದೆ, ಸ್ಕ್ರೀನ್ ಮೇಲಿಲ್ಲ

‘ಸಾಫ್ಟ್‌ವೇರ್ ಓಪನ್ನೇ ಆಗ್ತಿಲ್ಲ ಸರ್’ ಎಂದು ಫೋನ್ ಬಂದರೆ, ಟಾಸ್ಕ್‌ಬಾರ್‌ನಲ್ಲಿ ಐಕಾನ್ ಇದೆಯಾ ಎಂದು ಮೊದಲು ಕೇಳುತ್ತೇನೆ. ಇದೆ ಅಂದರೆ ಅರ್ಧ ಕೆಲಸ ಮುಗಿದ ಹಾಗೆ. ಪ್ರೋಗ್ರಾಂ ಓಡುತ್ತಿದೆ, ವಿಂಡೋ ಮಾತ್ರ ಸ್ಕ್ರೀನ್‌ನ ಆಚೆ ಎಲ್ಲೋ ಕೂತಿದೆ.

ನಮ್ಮದು ಡಬ್ಲ್ಯುಪಿಎಫ್‌ನಲ್ಲಿ (ವಿಂಡೋಸ್ ಪ್ರೋಗ್ರಾಂ ಬರೆಯಲು ಮೈಕ್ರೋಸಾಫ್ಟ್ ಕೊಡುವ ಸಲಕರಣೆ) ಬರೆದ ಬಿಲ್ಲಿಂಗ್ ಸಾಫ್ಟ್‌ವೇರ್. ಮುಚ್ಚುವಾಗ ವಿಂಡೋ ಇದ್ದ ಜಾಗವನ್ನು ಉಳಿಸಿಟ್ಟು, ಮುಂದಿನ ಸಲ ಅಲ್ಲೇ ತೆರೆಯುತ್ತದೆ. ಗಿರಾಕಿ ಕಾಯುತ್ತಿದ್ದರೆ ತಕ್ಷಣದ ಉಪಾಯ ಇದು: ಐಕಾನ್ ಕ್ಲಿಕ್ ಮಾಡಿ, ಆಲ್ಟ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ, ಆಮೇಲೆ ಎಂ, ಆಮೇಲೆ ಯಾವುದಾದರೂ ಬಾಣದ ಕೀ. ಈಗ ಮೌಸ್ ಅಲ್ಲಾಡಿಸಿದರೆ ವಿಂಡೋ ಅದರ ಹಿಂದೆಯೇ ಬರುತ್ತದೆ.

ಆಮೇಲೆ ಸೆಟ್ಟಿಂಗ್ಸ್ ಫೈಲ್ ತರಿಸಿಕೊಳ್ಳಬೇಕು. ವಿಂಡೋ ಎಲ್ಲಿತ್ತು ಎಂದು ಅಲ್ಲಿ ಉಳಿಸಿದ ಅಂಕಿಯೇ ಅರ್ಧ ಕಥೆ ಹೇಳುತ್ತದೆ. ಮುಖ್ಯ ಮಾನಿಟರ್‌ನ ಎಡಗಡೆಯ ಮೇಲಿನ ಮೂಲೆ ಅಂದರೆ ಸೊನ್ನೆ. -32000 ಇದ್ದರೆ ವಿಂಡೋವನ್ನು ಮಿನಿಮೈಸ್ ಮಾಡಿದ್ದಾಗಲೇ ಮುಚ್ಚಿದ್ದಾರೆ. ಮಿನಿಮೈಸ್ ಆದ ವಿಂಡೋವನ್ನು ವಿಂಡೋಸ್ ಇಡುವುದೇ ಅಲ್ಲಿ. ಕೋಡ್‌ನಲ್ಲಿ ವಿಂಡೋದ ಈಗಿನ ಜಾಗ ಹೇಳುವ ಲೆಫ್ಟ್, ಟಾಪ್ ಬದಲು, ಮಿನಿಮೈಸ್ ಮಾಡುವ ಮೊದಲಿನ ಜಾಗ ಹೇಳುವ ರಿಸ್ಟೋರ್‌ಬೌಂಡ್ಸ್ ಓದಿದರೆ ಇದು ಸರಿಹೋಗುತ್ತದೆ. ಅದನ್ನೂ ಕ್ಲೋಸಿಂಗ್ ಈವೆಂಟ್‌ನಲ್ಲೇ, ಅಂದರೆ ವಿಂಡೋ ಇನ್ನೇನು ಮುಚ್ಚಬೇಕು ಅನ್ನುವಾಗಲೇ ಓದಬೇಕು, ಮುಚ್ಚಿದ ಮೇಲೆ ಖಾಲಿ ಸಿಗುತ್ತದೆ.

-1400 ಇದ್ದರೆ? ಅದು ತಪ್ಪೇ ಅಲ್ಲ. ಮುಖ್ಯ ಮಾನಿಟರ್‌ನ ಎಡಕ್ಕೆ ಇನ್ನೊಂದು ಮಾನಿಟರ್ ಇದ್ದರೆ ಅಲ್ಲಿನ ಅಂಕಿಗಳೆಲ್ಲ ಮೈನಸ್ಸೇ. ‘ಸೊನ್ನೆಗಿಂತ ಕಡಿಮೆ ಇದ್ದರೆ ಸೊನ್ನೆ ಮಾಡು’ ಎಂಬ ಸಾಲನ್ನು ಎಷ್ಟೋ ಕೋಡ್‌ಗಳಲ್ಲಿ ನೋಡಿದ್ದೇನೆ. ಎರಡು ಮಾನಿಟರ್ ಇಟ್ಟುಕೊಂಡವರಿಗೆ ಅದೊಂದು ಕಾಟ. ಕೇಳಬೇಕಾದದ್ದು ಬೇರೆ: ಆ ಎಡಗಡೆಯ ಮಾನಿಟರ್ ಇವತ್ತು ಇದೆಯಾ?

ನನ್ನ ತಲೆ ಜಾಸ್ತಿ ತಿಂದಿದ್ದು ಸರಿಯುವ ವಿಂಡೋ. ‘ಪ್ರತಿ ಸಲ ಬಲಕ್ಕೆ ಹೋಗುತ್ತೆ’ ಎನ್ನುತ್ತಿದ್ದರು ಒಬ್ಬ ಗಿರಾಕಿ. ನಮ್ಮ ಆಫೀಸಿನ ಮಾನಿಟರ್‌ಗಳೆಲ್ಲ 100% ಸ್ಕೇಲಿಂಗ್‌ನಲ್ಲಿದ್ದವು (ಅಕ್ಷರ, ಚಿತ್ರಗಳನ್ನು ಎಷ್ಟು ದೊಡ್ಡದಾಗಿ ತೋರಿಸಬೇಕು ಎಂಬ ಸೆಟ್ಟಿಂಗ್), ಅಲ್ಲಿ ಏನೂ ಆಗುತ್ತಿರಲಿಲ್ಲ. ಅವರ ಲ್ಯಾಪ್‌ಟಾಪ್ 150%. ಹಳೆಯ ಕೋಡ್ ವಿಂಡೋಸ್‌ನ ಗೆಟ್‌ವಿಂಡೋರೆಕ್ಟ್ ಎಂಬ ಫಂಕ್ಷನ್‌ನಿಂದ ಪಿಕ್ಸೆಲ್ ಲೆಕ್ಕ ತೆಗೆದುಕೊಂಡು ಉಳಿಸುತ್ತಿತ್ತು, ತೆರೆಯುವಾಗ ಅದನ್ನೇ ಲೆಫ್ಟ್‌ಗೆ ಕೊಡುತ್ತಿತ್ತು. ಡಬ್ಲ್ಯುಪಿಎಫ್‌ನ ಲೆಕ್ಕ ಪಿಕ್ಸೆಲ್ ಅಲ್ಲ, ಇಂಚಿನ 96ನೇ ಒಂದು ಭಾಗ. ಹಾಗಾಗಿ 300 ಇದ್ದದ್ದು 450, ಮುಂದಿನ ಸಲ 675. ಚಕ್ರಬಡ್ಡಿ ಬೆಳೆದ ಹಾಗೆ. ನಾಲ್ಕೈದು ಸಲ ತೆರೆದು ಮುಚ್ಚಿದರೆ ವಿಂಡೋ ಮಾಯ.

ಈಗ ಜಾಗ ಓದಲು, ಮತ್ತೆ ಅಲ್ಲೇ ಇಡಲು ವಿಂಡೋಸ್‌ನದೇ ಆದ ಗೆಟ್‌ವಿಂಡೋಪ್ಲೇಸ್‌ಮೆಂಟ್, ಸೆಟ್‌ವಿಂಡೋಪ್ಲೇಸ್‌ಮೆಂಟ್ ಜೋಡಿಯನ್ನೇ ಬಳಸುತ್ತೇವೆ. ವಿಂಡೋ ಪೂರ್ತಿ ಹೊರಗಿದ್ದರೆ ವಿಂಡೋಸೇ ಒಳಗೆ ತರುತ್ತದೆ. ಆದರೆ ಒಂದು ಮೂಲೆ ಒಳಗೆ ಇಣುಕುತ್ತಿದ್ದರೂ ಸುಮ್ನೆ ಬಿಟ್ಟುಬಿಡುತ್ತದೆ. ಅದಕ್ಕೇ ಟೈಟಲ್ ಬಾರ್ ಮೌಸ್‌ಗೆ ಸಿಗುವಷ್ಟು ಯಾವುದಾದರೂ ಮಾನಿಟರ್‌ನೊಳಗೆ ಇದೆಯಾ ಎಂದು ನಾವೇ ನೋಡುತ್ತೇವೆ. ಎಲ್ಲ ಮಾನಿಟರ್ ಸೇರಿದ ದೊಡ್ಡ ಚೌಕದೊಳಗೆ ಇದ್ದರೆ ಸಾಲದು. ಮಾನಿಟರ್‌ಗಳ ಅಳತೆ ಬೇರೆ ಬೇರೆ ಇದ್ದರೆ ಆ ಚೌಕದಲ್ಲಿ ಖಾಲಿ ಜಾಗ ಇರುತ್ತದೆ, ಅಲ್ವಾ?

ಜೊತೆಗೆ ಶುರುವಾಗುವಾಗಲೇ ಪ್ರತಿ ಮಾನಿಟರ್‌ನ ಅಳತೆ, ಜಾಗ, ಸ್ಕೇಲಿಂಗ್ ಲಾಗ್‌ಗೆ (ಪ್ರೋಗ್ರಾಂ ತಾನೇ ಬರೆದಿಡುವ ದಾಖಲೆ) ಹೋಗುತ್ತದೆ. ಎಷ್ಟು ಸ್ಕ್ರೀನ್ ಇದೆ, ಯಾವುದು ಎಡಕ್ಕಿದೆ ಎಂದು ಗಿರಾಕಿಯನ್ನು ಫೋನಿನಲ್ಲಿ ಕೇಳಿಕೊಂಡು ಕೂರುವ ಕೆಲಸ ತಪ್ಪಿದೆ.