136 ಸಾಲುಗಳ ಸಿನಿಮಾಸ್ಕೋಪ್

2004ರ ಮಳೆಗಾಲದಲ್ಲಿ ಅಮೆರಿಕದಿಂದ ರಜೆಗೆ ಬಂದಿದ್ದ ದೊಡ್ಡಪ್ಪನ ಮಗ, ತಾನು ಹೊಸದೊಂದನ್ನು ಕೊಂಡಿದ್ದರಿಂದ ಮೂಲೆ ಸೇರಿದ್ದ ಪಾಕೆಟ್ ಪಿಸಿ ಎಂಬ ಅಂಗೈ ಕಂಪ್ಯೂಟರನ್ನು ನನ್ನ ಕೈಗಿತ್ತು, ಇದರಲ್ಲಿ ವಿಳಾಸ, ಡೈರಿ, ಲೆಕ್ಕ ಎಲ್ಲವನ್ನೂ ಇಟ್ಟುಕೊಳ್ಳಬಹುದು ಎಂದ. ಆಗಷ್ಟೇ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದ ನನಗೆ ಡೈರಿಯಲ್ಲಿ ಬರೆದಿಡುವಷ್ಟು ಭೇಟಿಗಳೂ ಇರಲಿಲ್ಲ, ಲೆಕ್ಕ ಇಡುವಷ್ಟು ಹಣವೂ ಇರಲಿಲ್ಲ. ಇದ್ದದ್ದೆಂದರೆ ಹದಿನೈದು ದಿನಕ್ಕೊಮ್ಮೆ ತೀರ್ಥಹಳ್ಳಿಗೆ ಹೋಗುವ ರಾತ್ರಿ ಬಸ್ಸು ಮತ್ತು ಆ ಬಸ್ಸಿನಲ್ಲಿ ಎಷ್ಟು ಹೊರಳಾಡಿದರೂ ಬಾರದ ನಿದ್ದೆ. ಹಾಗಾಗಿ ಆ ಯಂತ್ರ ನನ್ನ ಪಾಲಿಗೆ ಮೊದಲ ದಿನದಿಂದಲೇ ಸಿನಿಮಾ ನೋಡುವ ಸಾಧನವಾಯಿತು. ಅದನ್ನು ತಯಾರಿಸಿದವರು ಯಾರೂ ಅದನ್ನು ಆ ಉದ್ದೇಶಕ್ಕೆ ಮಾಡಿರಲಿಲ್ಲ ಎಂಬುದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ.

ಅಂಗೈ ಕಂಪ್ಯೂಟರುಗಳ ವಂಶಾವಳಿ ನೋಡಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. 1996ರಲ್ಲಿ ಬಂದ ಪಾಮ್ ಪೈಲಟ್ 1000ಕ್ಕೆ ಇದ್ದದ್ದು 160×160 ಚುಕ್ಕಿಗಳ ಬೂದು ಪರದೆ, 16 ಮೆಗಾಹರ್ಟ್ಸ್ ಪ್ರೊಸೆಸರ್ ಮತ್ತು 128 ಕಿಲೋಬೈಟ್ ಮೆಮೊರಿ. ಅದು ಬೀಪ್ ಎನ್ನುವುದನ್ನು ಬಿಟ್ಟರೆ ಬೇರೆ ಸದ್ದು ಮಾಡಲಾರದು. ಲೆಕ್ಕಾಚಾರ ಬದಲಾದದ್ದು 2000ದಲ್ಲಿ ಕಾಂಪ್ಯಾಕ್ ಕಂಪನಿಯ ಐಪ್ಯಾಕ್ ಬಂದಾಗ. ತೈವಾನಿನ ಎಚ್‌ಟಿಸಿ ತಯಾರಿಸಿಕೊಟ್ಟ ಆ ಯಂತ್ರದಲ್ಲಿ 206 ಮೆಗಾಹರ್ಟ್ಸ್ ವೇಗದ ಇಂಟೆಲ್ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, 240×320 ಚುಕ್ಕಿಗಳ ಬಣ್ಣದ ಪರದೆ ಮತ್ತು ಇಯರ್‌ಫೋನ್ ಸಿಕ್ಕಿಸುವ ತೂತು ಇದ್ದವು. ಚಲನಚಿತ್ರಕ್ಕೆ ಬೇಕಾದ ಮೂರೂ ಒಂದೆಡೆ ಕೂಡಿದ ಮೇಲೆ ಜನ ಸುಮ್ಮನಿರುತ್ತಾರೆಯೇ? ಒಂದೆರಡು ವರ್ಷಗಳಲ್ಲಿ ಪಾಕೆಟ್‌ಟಿವಿಯಂಥ ಪ್ಲೇಯರುಗಳು ಎಂಪೆಗ್-1 ವಿಡಿಯೊ ಕಡತಗಳನ್ನು ಓಡಿಸತೊಡಗಿದ್ದವು. 400 ಮೆಗಾಹರ್ಟ್ಸ್‌ನ ಎಕ್ಸ್‌ಸ್ಕೇಲ್ ಪ್ರೊಸೆಸರ್ ಬಂದ ಮೇಲೆ, ಮೊದಲು ಬೀಟಾಪ್ಲೇಯರ್ ಎಂದಿದ್ದು ನಂತರ ಟಿಸಿಪಿಎಂಪಿ ಎಂದು ಹೆಸರಾದ ಉಚಿತ ಪ್ಲೇಯರ್, ಚಿತ್ರವನ್ನು ಇನ್ನಷ್ಟು ಕುಗ್ಗಿಸಿಡುವ ಡಿವ್ಎಕ್ಸ್, ಎಕ್ಸ್‌ವಿಡ್ ಕಡತಗಳನ್ನೂ ಸರಾಗವಾಗಿ ತೋರಿಸುತ್ತಿತ್ತು.

ನನ್ನ ಹತ್ತಿರ ಬಂದದ್ದು ಎಕ್ಸ್‌ಸ್ಕೇಲ್ ಕಾಲದ್ದು. ಅದರ ಪರದೆ ಮೂರೂವರೆ ಇಂಚು, ಒಳಗಿನ ಮೆಮೊರಿ 64 ಎಂಬಿ. ಸಿನಿಮಾ ಹಾಕಬೇಕೆಂದರೆ ಎಸ್‌ಡಿ ಕಾರ್ಡ್ ಬೇಕು. ಎಸ್.ಪಿ. ರಸ್ತೆಯಲ್ಲಿ ಮೂರು ಅಂಗಡಿ ಸುತ್ತಿ, ಚೌಕಾಸಿ ಮಾಡಿ, ತಿಂಗಳ ಸಂಬಳದ ಹತ್ತರಲ್ಲೊಂದು ಪಾಲು ಕೊಟ್ಟು 256 ಎಂಬಿಯ ಕಾರ್ಡೊಂದನ್ನು ತಂದೆ. ಆ ಕ್ಷಣದಿಂದ ನನ್ನ ಬದುಕಿನಲ್ಲಿ ಒಂದು ಭಾಗಾಕಾರ ಸೇರಿಕೊಂಡಿತು. ಎರಡೂವರೆ ಗಂಟೆಯ ಕನ್ನಡ ಚಿತ್ರವೆಂದರೆ 9,000 ಸೆಕೆಂಡ್. 256 ಎಂಬಿಯನ್ನು ಬೈಟಿಗೆ ಎಂಟು ಬಿಟ್‌ನಂತೆ ಅಷ್ಟು ಸೆಕೆಂಡುಗಳಿಗೆ ಹಂಚಿದರೆ ಒಂದು ಸೆಕೆಂಡಿಗೆ ಸಿಗುವುದು ಸುಮಾರು 225 ಕಿಲೋಬಿಟ್. ಚಿತ್ರಕ್ಕೂ ಅದೇ, ಧ್ವನಿಗೂ ಅದೇ. ನಮ್ಮ ಊರಿನ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತಿದ್ದ ವಿಸಿಡಿಯಲ್ಲಿ ಚಿತ್ರಕ್ಕೆ 1,150, ಧ್ವನಿಗೆ 224, ಒಟ್ಟು 1,374 ಕಿಲೋಬಿಟ್ ಇರುತ್ತಿದ್ದವು. ಅಂದರೆ ಮೊದಲೇ ಬಡವನಾಗಿದ್ದ ವಿಸಿಡಿಯ ಆರನೇ ಒಂದು ಪಾಲಿನಲ್ಲಿ ನಾನು ಸಂಸಾರ ಮಾಡಬೇಕಿತ್ತು.

ಇನ್ನು ಆಕಾರದ ಪ್ರಶ್ನೆ. ಯಂತ್ರವನ್ನು ಅಡ್ಡ ಹಿಡಿದರೆ 320 ಅಡ್ಡಚುಕ್ಕಿ, 240 ಸಾಲು. ಸಿನಿಮಾಸ್ಕೋಪ್ ಚಿತ್ರದ ಅಗಲ ಅದರ ಎತ್ತರದ 2.35 ಪಟ್ಟು ಇರುವುದರಿಂದ, 320 ಚುಕ್ಕಿಗಳ ಅಗಲಕ್ಕೆ ದಕ್ಕುವ ಎತ್ತರ 136 ಸಾಲು ಮಾತ್ರ. ಉಳಿದದ್ದು ಮೇಲೆ ಕೆಳಗೆ ಕಪ್ಪು ಪಟ್ಟಿ. ಸ್ಕೇಲ್ ಹಿಡಿದು ಅಳೆದರೆ ಏಳು ಸೆಂಟಿಮೀಟರ್ ಅಗಲ, ಮೂರು ಸೆಂಟಿಮೀಟರ್ ಎತ್ತರ. ಇದನ್ನು ಕೇಳಿ ನಕ್ಕ ಗೆಳೆಯರಿಗೆ ನಾನು ಕೊಡುತ್ತಿದ್ದ ಉತ್ತರ ಇಂದಿಗೂ ಸರಿಯೆಂದೇ ನನ್ನ ನಂಬಿಕೆ: ವಿಸಿಡಿಯ ಪೂರ್ಣ ಚೌಕಟ್ಟು 352×288 ಇದ್ದರೂ, ಅದರಲ್ಲಿ ಸಿನಿಮಾಸ್ಕೋಪ್ ಚಿತ್ರ ನಿಜವಾಗಿ ಕೂತಿರುವುದು ಸುಮಾರು 163 ಸಾಲುಗಳಲ್ಲಿ, ಮಿಕ್ಕದ್ದು ಅಲ್ಲೂ ಕಪ್ಪು ಪಟ್ಟಿಯೇ. ಇಪ್ಪತ್ತೊಂದು ಇಂಚಿನ ಟಿವಿಯಲ್ಲಿ 163 ಸಾಲನ್ನು ಹಿಗ್ಗಿಸಿಕೊಂಡು ನೋಡುವವರು, ಅಂಗೈಯಲ್ಲಿ 136 ಸಾಲನ್ನು ಒತ್ತಾಗಿ ನೋಡುವವನನ್ನು ಕಂಡು ನಗುವುದರಲ್ಲಿ ಅರ್ಥವಿರಲಿಲ್ಲ. ಕಣ್ಣಿಗೆ ಒಂದು ಗೇಣು ದೂರದಲ್ಲಿ ಹಿಡಿದರೆ ನನ್ನದೇ ಹೆಚ್ಚು ಸ್ಪಷ್ಟವಾಗಿತ್ತು.

ಆದರೆ ಆ 163 ಸಾಲನ್ನು 136 ಮಾಡುವ ಹಾದಿಯಲ್ಲೊಂದು ಹಳ್ಳವಿತ್ತು, ಅದರಲ್ಲಿ ನಾನು ಬಿದ್ದೆ. ವಿಸಿಡಿಯ ಚುಕ್ಕಿಗಳು ಚೌಕವಾಗಿರುವುದಿಲ್ಲ. ಅವು ಅಡ್ಡಕ್ಕೆ ತುಸು ಅಗಲವಾಗಿರುತ್ತವೆಂದು ಟಿವಿ ತಾನೇ ಹಿಗ್ಗಿಸಿ ತೋರಿಸುತ್ತದೆ. ಕಂಪ್ಯೂಟರಿನ ಚುಕ್ಕಿಗಳೋ ಚೊಕ್ಕ ಚೌಕ. ಇದನ್ನರಿಯದೆ, ಕಪ್ಪು ಪಟ್ಟಿಯನ್ನು ಕತ್ತರಿಸಿ ಉಳಿದದ್ದನ್ನು ಅದೇ ಅನುಪಾತದಲ್ಲಿ ಇಳಿಸಿದ್ದರಿಂದ, ನನ್ನ ಮೊದಲ ಚಿತ್ರದ ನಾಯಕ, ನಾಯಕಿ, ಖಳನಾಯಕ, ಪೊಲೀಸ್ ಪೇದೆ ಎಲ್ಲರೂ ಆಗಷ್ಟೇ ಜ್ವರದಿಂದ ಎದ್ದವರಂತೆ ಒಂದು ಸುತ್ತು ಸೊರಗಿದ್ದರು. ಇಡೀ ರಾತ್ರಿ ಕಂಪ್ಯೂಟರ್ ಓಡಿಸಿ ಮಾಡಿದ ಕಡತವನ್ನು ಅಳಿಸಿ ಮತ್ತೆ ಮೊದಲಿನಿಂದ ಶುರುಮಾಡಿದೆ.

ಇಡೀ ರಾತ್ರಿ ಎಂದದ್ದು ಮಾತಿಗಲ್ಲ. ವಿಸಿಡಿಯ ಡ್ಯಾಟ್ ಕಡತಗಳನ್ನು ವರ್ಚುವಲ್‌ಡಬ್ ತಂತ್ರಾಂಶದಲ್ಲಿ ತೆರೆದು, ಎರಡೋ ಮೂರೋ ಡಿಸ್ಕುಗಳನ್ನು ಒಂದಾಗಿ ಹೊಲಿದು, ಚಿತ್ರವನ್ನು ಕುಗ್ಗಿಸುವ ಎಕ್ಸ್‌ವಿಡ್ ಕೋಡೆಕ್‌ಗೆ ಎರಡು ಸುತ್ತು ಓಡಲು ಹೇಳಿ ಮಲಗಿದರೆ, ಬೆಳಿಗ್ಗೆ ಕಾಫಿ ಹೊತ್ತಿಗೆ ಚಿತ್ರ ಸಿದ್ಧವಾಗಿರುತ್ತಿತ್ತು. ಮೊದಲ ಸುತ್ತಿನಲ್ಲಿ ಅದು ಚಿತ್ರವನ್ನು ಬರೀ ನೋಡುತ್ತದೆ: ಎಲ್ಲಿ ಹೊಡೆದಾಟ, ಎಲ್ಲಿ ಕುಣಿತ, ಎಲ್ಲಿ ತಾಯಿ ದೇವರ ಮುಂದೆ ಅಲುಗಾಡದೆ ನಿಂತಿದ್ದಾಳೆ ಎಂದು ಗುರುತು ಹಾಕಿಕೊಳ್ಳುತ್ತದೆ. ಎರಡನೆಯ ಸುತ್ತಿನಲ್ಲಿ ತಾಯಿಯ ಪಾಲಿನಿಂದ ಉಳಿಸಿದ ಬಿಟ್‌ಗಳನ್ನು ಹೊಡೆದಾಟಕ್ಕೆ ಖರ್ಚು ಮಾಡುತ್ತದೆ. (ನಮ್ಮ ಚಿತ್ರಗಳ ಕಥೆಯೂ ಹೆಚ್ಚುಕಡಿಮೆ ಹೀಗೇ ನಡೆಯುತ್ತಿದ್ದುದರಿಂದ ಇದು ನ್ಯಾಯವೆಂದೇ ತೋರುತ್ತಿತ್ತು.) ಒಮ್ಮೆ ಎರಡನೆಯ ಸುತ್ತು ಶೇಕಡಾ 78ಕ್ಕೆ ಬಂದಾಗ ಕರೆಂಟು ಹೋಯಿತು, ಕತ್ತಲಲ್ಲಿ ಕೂತು ಯುಪಿಎಸ್ ಕೊಳ್ಳಲೇಬೇಕೆಂದು ನಿಶ್ಚಯಿಸಿದೆ, ಕೊಳ್ಳಲಿಲ್ಲ.

ಧ್ವನಿಯ ವಿಷಯದಲ್ಲಿ ನಾನು ಮಾಡಿದ ತಪ್ಪು ಇನ್ನೂ ದೊಡ್ಡದು. ಮೊದಮೊದಲು ಕಿಲೋಬಿಟ್ ಉಳಿಸುವ ಆಸೆಯಿಂದ ಧ್ವನಿಗೆ 24 ಮಾತ್ರ ಕೊಟ್ಟು ಮಿಕ್ಕದ್ದನ್ನೆಲ್ಲ ಚಿತ್ರಕ್ಕೆ ಸುರಿದೆ. ಚಿತ್ರವೇನೋ ಚೆನ್ನಾಗಿ ಬಂತು. ಆದರೆ ಬಸ್ಸು ನೆಲಮಂಗಲ ದಾಟುವಷ್ಟರಲ್ಲಿ ನೋಡುವುದನ್ನು ನಿಲ್ಲಿಸಿದೆ. ಮಾತುಗಳೆಲ್ಲ ತಗಡಿನ ಡಬ್ಬದೊಳಗಿಂದ ಬರುತ್ತಿದ್ದವು, ಎಂಜಿನ್ನಿನ ಗುರುಗುರು ಸದ್ದಿನ ನಡುವೆ ‘ಸ’ಕಾರ, ‘ಷ’ಕಾರಗಳೆಲ್ಲ ಒಂದೇ ಆಗಿಬಿಟ್ಟಿದ್ದವು. ಮುಂದಿನ ಸಲ ಇದನ್ನು ತಿರುವುಮುರುವು ಮಾಡಿದೆ. ಧ್ವನಿಯನ್ನು ಒಂದೇ ಚಾನೆಲ್‌ಗೆ ಇಳಿಸಿ, ಅದಕ್ಕೆ 48 ಕಿಲೋಬಿಟ್ ಕೊಟ್ಟು, ಚಿತ್ರವನ್ನು ಉಳಿದದ್ದರಲ್ಲಿ ಹೇಗೋ ಬದುಕಿಕೋ ಎಂದು ಬಿಟ್ಟೆ. ಕತ್ತಲ ದೃಶ್ಯಗಳು ಚೌಕಚೌಕವಾಗಿ ಒಡೆದವು, ದೂರದಲ್ಲಿ ನಿಂತ ಜನರ ಮುಖಗಳು ಅಳಿಸಿಹೋದವು, ಆದರೂ ಅರಸೀಕೆರೆ ದಾಟಿದ್ದು ಗೊತ್ತಾಗದಂತೆ ಚಿತ್ರ ನೋಡಿಸಿಕೊಂಡಿತು. ಕಾಣದ ಮುಖವನ್ನು ಮನಸ್ಸು ತಾನೇ ಬರೆದುಕೊಳ್ಳುತ್ತದೆ, ಕೇಳದ ಮಾತನ್ನು ಬರೆದುಕೊಳ್ಳಲಾರದು ಎಂದು ನನಗೆ ಅರಿವಾದದ್ದು ಆ ಪ್ರಯಾಣದಲ್ಲಿ. ಆಮೇಲೆ ಎಷ್ಟು ಚಿತ್ರ ಇಳಿಸಿದರೂ ಧ್ವನಿಯ 48ಕ್ಕೆ ಕೈಹಾಕಲಿಲ್ಲ.

ಆ ಪುಟ್ಟ ಯಂತ್ರಕ್ಕೂ ಧ್ವನಿಯೇ ಕಷ್ಟದ ಕೆಲಸಗಳಲ್ಲೊಂದಾಗಿತ್ತು. ಸ್ಟ್ರಾಂಗ್‌ಆರ್ಮ್, ಎಕ್ಸ್‌ಸ್ಕೇಲ್ ಎರಡರಲ್ಲೂ ದಶಮಾಂಶದ ಗಣಿತಕ್ಕೆ ಪ್ರತ್ಯೇಕ ಘಟಕವೇ ಇರಲಿಲ್ಲ. ಮೇಜಿನ ಕಂಪ್ಯೂಟರಿಗೆಂದು ಬರೆದ ಎಂಪಿ3 ಡಿಕೋಡರನ್ನು, ಅಂದರೆ ಕುಗ್ಗಿಸಿದ ಧ್ವನಿಯನ್ನು ಬಿಡಿಸಿ ಕೇಳಿಸುವ ತಂತ್ರಾಂಶವನ್ನು, ಹಾಗೆಯೇ ತಂದು ಹಾಕಿದರೆ ಪ್ರತಿ ದಶಮಾಂಶವನ್ನೂ ತಂತ್ರಾಂಶದಲ್ಲಿ ಅನುಕರಿಸಬೇಕಾಗಿ ಯಂತ್ರ ಏದುಸಿರು ಬಿಡುತ್ತಿತ್ತು. ಪೂರ್ಣಾಂಕಗಳಲ್ಲೇ ಎಲ್ಲ ಲೆಕ್ಕ ಮುಗಿಸುವ ಲಿಬ್‌ಮ್ಯಾಡ್‌ನಂಥ ಡಿಕೋಡರುಗಳಿಂದಾಗಿಯೇ ಸದ್ದು ಮತ್ತು ಚಿತ್ರ ಜೊತೆಯಾಗಿ ಓಡಲು ಸಾಧ್ಯವಾಯಿತು. ಟಿಸಿಪಿಎಂಪಿಯಲ್ಲಿ ಬೆಂಚ್‌ಮಾರ್ಕ್ ಎಂಬ ಆಯ್ಕೆಯಿತ್ತು. ಚಿತ್ರವನ್ನು ತನ್ನಿಂದಾದಷ್ಟು ವೇಗವಾಗಿ ಓಡಿಸಿ, ಕೊನೆಯಲ್ಲಿ ಶೇಕಡಾ ಇಷ್ಟು ಎಂದು ಅಂಕ ಕೊಡುತ್ತಿತ್ತು. ನೂರಕ್ಕಿಂತ ಕಡಿಮೆ ಬಂದರೆ ತುಟಿಯೊಂದು ಕಡೆ, ಮಾತೊಂದು ಕಡೆ. ನನ್ನ ಕಡತಗಳಿಗೆ 160ರ ಆಸುಪಾಸಿನಲ್ಲಿ ಬಂದಾಗ ಎಸ್ಸೆಲ್ಸಿ ಫಲಿತಾಂಶ ನೋಡಿದಷ್ಟು ಸಂತೋಷವಾಗುತ್ತಿತ್ತು.

ಅದೇ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್ ನಮ್ಮ ಬೆಂಗಳೂರಿನ ಸಿಂಪ್ಯೂಟರ್‌ನಲ್ಲೂ ಇತ್ತೆಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯವರೂ ಸೇರಿ ರೂಪಿಸಿದ ಆ ಅಂಗೈ ಕಂಪ್ಯೂಟರಿನ ಮಾದರಿ 2001ರಲ್ಲಿ ಹೊರಬಂದಿತು. ಬಿಇಎಲ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ 2004ರಲ್ಲಿ ಮಾರುಕಟ್ಟೆಗೆ ಬಂತು. ಓದಲು ಬಾರದವರಿಗೂ ಕಂಪ್ಯೂಟರ್ ಒದಗಬೇಕೆಂದು ಅದಕ್ಕೆ ಕನ್ನಡದಲ್ಲಿ ಓದಿ ಹೇಳುವ ತಂತ್ರಾಂಶವನ್ನೂ ಬರೆದಿದ್ದರು. ಪರದೆಗಿಂತ ಕಿವಿಯನ್ನು ಹೆಚ್ಚು ನಂಬಿದ ಆ ಆಲೋಚನೆಯ ಬೆಲೆ ನನಗೆ ಗೊತ್ತಾದದ್ದು ಸಿನಿಮಾದ ದೆಸೆಯಿಂದ.

ಬಣ್ಣಗಳ ಬಗ್ಗೆ ಒಂದು ಮಾತು. ಹಳೆಯ ಕಪ್ಪು-ಬಿಳುಪು ಚಿತ್ರಗಳು ಇಂಥ ಪರದೆಗೆ ಹೇಳಿ ಮಾಡಿಸಿದಂತಿರುತ್ತವೆ ಎಂದು ನಾನು ಭಾವಿಸಿದ್ದೆ, ಹಾಗಾಗಲಿಲ್ಲ. 65,536 ಬಣ್ಣಗಳ ಪರದೆಯಲ್ಲಿ ಶುದ್ಧ ಬೂದಿಗೆ ಸಿಗುವುದು 32 ಮೆಟ್ಟಿಲು ಮಾತ್ರ. 4,096 ಬಣ್ಣಗಳ ಮೊದಲ ಐಪ್ಯಾಕ್‌ನಲ್ಲಿ ಹದಿನಾರೇ. ನಾಯಕಿಯ ಕೆನ್ನೆಯ ಮೇಲೆ ನೆರಳು ನವಿರಾಗಿ ಇಳಿಯುವಲ್ಲಿ ಸರ್ವೆ ನಕ್ಷೆಯ ಗೆರೆಗಳಂತೆ ಪಟ್ಟೆ ಪಟ್ಟೆಯಾಗಿ ಕಾಣುತ್ತಿತ್ತು.

ಬ್ಯಾಟರಿಯದು ಬೇರೆಯೇ ಕಥೆ. ವಿಂಡೋಸ್ ಮೊಬೈಲ್ 5 ಎಂಬ ಕಾರ್ಯಾಚರಣಾ ತಂತ್ರಾಂಶ ಬರುವವರೆಗೂ ಪಾಕೆಟ್ ಪಿಸಿಗಳಲ್ಲಿ ನಾವು ಹಾಕಿಕೊಂಡ ತಂತ್ರಾಂಶಗಳೆಲ್ಲ ವಿದ್ಯುತ್ ಇದ್ದಷ್ಟು ಹೊತ್ತು ಮಾತ್ರ ನೆನಪಿಡುವ ರ‍್ಯಾಮ್‌ನಲ್ಲೇ ಕೂರುತ್ತಿದ್ದವು. ಬ್ಯಾಟರಿ ಪೂರ್ತಿ ಬರಿದಾದರೆ ಯಂತ್ರ ಹುಟ್ಟಿದ ದಿನದ ಸ್ಥಿತಿಗೆ ಮರಳುತ್ತಿತ್ತು. ಒಮ್ಮೆ ಊರಿಗೆ ಹೋಗಿ ನೋಡಿದರೆ ಕಾರ್ಡಿನಲ್ಲಿ ಸಿನಿಮಾ ಇದೆ, ಅದನ್ನು ತೋರಿಸುವ ಪ್ಲೇಯರ್ ಇಲ್ಲ! ಅಂದಿನಿಂದ ಪ್ಲೇಯರನ್ನು ಮತ್ತೆ ಹಾಕಿಕೊಳ್ಳಲು ಬೇಕಾದ ಕ್ಯಾಬ್ ಕಡತವನ್ನೂ ಕಾರ್ಡಿನಲ್ಲೇ ಇಟ್ಟುಕೊಳ್ಳುವ ಬುದ್ಧಿ ಬಂತು. ಬೆಳಕನ್ನು ಅರ್ಧಕ್ಕಿಳಿಸಿದರೆ ಮೂರು ಗಂಟೆ ಎಳೆಯುತ್ತಿತ್ತು. ಅಂದರೆ ಚಿತ್ರ ಮುಗಿದು ಅರ್ಧ ಗಂಟೆ ಉಳಿಯುತ್ತದೆ, ಮೊದಲೇ ಪೂರ್ತಿ ಚಾರ್ಜ್ ಮಾಡಿದ್ದರೆ.

ಆ ಸಲ ಮಾಡಿರಲಿಲ್ಲ. ಆಷಾಢದ ಮಳೆ ಹಿಡಿದು ಮೂರು ದಿನದಿಂದ ಊರಿನಲ್ಲಿ ಕರೆಂಟಿರಲಿಲ್ಲ. ಜಗಲಿಯಲ್ಲಿ ಕೂತು ನಾನೊಂದು ಹಳೆಯ ಚಿತ್ರ ಹಾಕಿಕೊಂಡಿದ್ದಾಗ, ಅದರ ಸದ್ದು ಕೇಳಿ ಅಜ್ಜಿ ಒಳಗಿನಿಂದ ಬಂದರು. ಪೊರೆ ತೆಗೆಸಿದ ಕಣ್ಣು, ದಪ್ಪ ಗಾಜಿನ ಕನ್ನಡಕ. ಯಂತ್ರವನ್ನು ಅವರ ಕೈಗಿಟ್ಟೆ. ಅದನ್ನು ಹತ್ತಿರಕ್ಕೆ ಹಿಡಿದರು, ದೂರಕ್ಕೆ ಹಿಡಿದರು, ಬೆಳಕಿನತ್ತ ಓರೆ ಮಾಡಿದರು. “ಚಿತ್ರ ನೀನೇ ನೋಡೋ ಮಾರಾಯ, ನಂಗೆ ಕೇಳ್ಸಿದ್ರೆ ಸಾಕು” ಎಂದು ಹಿಂಬದಿಯ ಪುಟ್ಟ ಸ್ಪೀಕರನ್ನು ಕಿವಿಗೆ ಹಚ್ಚಿಕೊಂಡು ಗೋಡೆಗೊರಗಿದರು. ಆ ಚಿತ್ರವನ್ನು ಅವರು ಮದುವೆಯಾದ ಹೊಸದರಲ್ಲಿ ಟೆಂಟಿನಲ್ಲಿ ನೆಲದ ಮೇಲೆ ಕೂತು ನೋಡಿದ್ದರಂತೆ.

ಬ್ಯಾಟರಿ ಶೇಕಡಾ 20ಕ್ಕೆ ಇಳಿದಾಗ ಚಿತ್ರ ಇನ್ನೂ ಮುಕ್ಕಾಲು ಗಂಟೆ ಬಾಕಿ ಇತ್ತು. ಪರದೆಯನ್ನು ಆರಿಸಿ ಧ್ವನಿಯನ್ನಷ್ಟೇ ಮುಂದುವರಿಸುವ ಸೌಲಭ್ಯ ಪ್ಲೇಯರಿನಲ್ಲಿತ್ತು. ಅಜ್ಜಿಯ ಕೈಯಿಂದ ಯಂತ್ರವನ್ನು ತೆಗೆಯದೆ, ಬದಿಯಿಂದ ಬೆರಳು ತೂರಿಸಿ ಆ ಗುಂಡಿಯನ್ನು ಒತ್ತಿದೆ. ಅವರಿಗೆ ಅದು ಗೊತ್ತಾಗಲೂ ಇಲ್ಲ. ಹಂಚಿನಿಂದ ಸುರಿಯುವ ನೀರಿನ ಸದ್ದಿಗೆ ಒಂದು ಕೈಯನ್ನು ಅಡ್ಡ ಹಿಡಿದು, ಕಪ್ಪಗಾದ ಗಾಜನ್ನು ಕೆನ್ನೆಗೆ ಒತ್ತಿಕೊಂಡು, ತಾಯಿಯ ಪಾತ್ರ ಬಾಯಿ ತೆರೆಯುವ ಮೊದಲೇ ಆ ಮಾತನ್ನು ತಾವೇ ಹೇಳುತ್ತ ಕೊನೆಯವರೆಗೂ ಕೂತಿದ್ದರು.