ಮಂಗಳವಾರದ ಯುಗಾದಿ, ಬುಧವಾರದ ಸಾರು

2024ರ ಯುಗಾದಿ ಬಿದ್ದದ್ದು ಏಪ್ರಿಲ್ 9, ಮಂಗಳವಾರ. ಈಸ್ಟರ್ ರಜೆ ಆಗಷ್ಟೇ ಮುಗಿದಿತ್ತು, ಮತ್ತೊಂದು ರಜೆ ಕೇಳಲು ಬಾಯಿ ಬರಲಿಲ್ಲ. ಬೆಳಿಗ್ಗೆ ತಲೆಗೆ ಎಣ್ಣೆ ಒತ್ತಿಕೊಂಡು ಸ್ನಾನ ಮಾಡಿ, ಊರಿಂದ ತಂದಿಟ್ಟಿದ್ದ ಒಣ ಬೇವಿನ ಹೂವನ್ನು ಬೆಲ್ಲದ ಜೊತೆ ಬಾಯಿಗೆ ಹಾಕಿಕೊಂಡು ಮ್ಯೂನಿಕ್‌ನ ಚಳಿಯಲ್ಲಿ ಆಫೀಸಿಗೆ ಓಡಿದ್ದಾಯಿತು. ನಮಗೆ ಹಬ್ಬ ಶುರುವಾಗಿದ್ದು ಸಂಜೆ ಆರಕ್ಕೆ. ಮೈಸೂರಿನಲ್ಲಿ ಆಗ ರಾತ್ರಿ ಒಂಬತ್ತೂವರೆ, ಅಮ್ಮ ಅಡುಗೆಮನೆ ಒರೆಸಿ ದೀಪ ಆರಿಸುವ ಹೊತ್ತು.

ಕೆಲಸದ ದಿನ ಹೋಳಿಗೆ ಮಾಡುವವರಿಗೆ ಹಿಂದಿನ ರಾತ್ರಿಯೇ ಗತಿ. ಸೋಮವಾರವೇ ಬೇಳೆ ಬೇಯಿಸಿ, ಕಟ್ಟು ಬಸಿದು, ಹೂರಣ ರುಬ್ಬಿ ಫ್ರಿಜ್ಜಿಗೆ ಸೇರಿಸಿದ್ದೆವು. ಯಾವ ಬೇಳೆ ಎಂಬುದಕ್ಕೆ ಮಾತ್ರ ನಮ್ಮಲ್ಲಿ ಪ್ರತಿ ವರ್ಷವೂ ಗಡಿ ವಿವಾದ. ನಮ್ಮ ಕಡೆ ಒಬ್ಬಟ್ಟು ಅಂದರೆ ತೊಗರಿಬೇಳೆ. ಹೆಂಡತಿ ಧಾರವಾಡದವಳು.

“ಕಡ್ಲಿಬ್ಯಾಳಿ ಇಲ್ಲದ್ದು ಎಂಥಾ ಹೋಳಿಗಿ ರೀ?”

ಈ ಸಲ ನಾನು ವಾದಕ್ಕಿಳಿಯಲಿಲ್ಲ. ಹಿಂದಿನ ವರ್ಷ ನನ್ನ ತೊಗರಿಬೇಳೆ ಕುಕ್ಕರಿನಲ್ಲಿ ಒಂದು ಸೀಟಿ ಹೆಚ್ಚು ಕೂಗಿಸಿಕೊಂಡು, ಬೆಲ್ಲ ಬಿದ್ದದ್ದೇ ತಡ ಪಾಯಸವಾಗಿತ್ತು. ಬೇಳೆ ಬೆರಳಿಗೆ ಹಿಚುಕಿದರೆ ಮಣಿಯಬೇಕು, ಕರಗಬಾರದು. ಕಡಲೆಬೇಳೆ ಈ ವಿಷಯದಲ್ಲಿ ದೊಡ್ಡ ಮನಸ್ಸಿನದು, ಐದು ನಿಮಿಷ ಹೆಚ್ಚುಕಮ್ಮಿಯಾದರೂ ಸಹಿಸಿಕೊಳ್ಳುತ್ತದೆ.

ಕಣಕದ ಕಥೆಯೇ ಬೇರೆ. ಇಲ್ಲಿ ಹಿಟ್ಟಿನ ಪೊಟ್ಟಣದ ಮೇಲೆ ಸಂಖ್ಯೆ ಇರುತ್ತದೆ. ಹಿಟ್ಟನ್ನು ಸುಟ್ಟರೆ ಉಳಿಯುವ ಬೂದಿಯ ಲೆಕ್ಕ ಅದು (ತಿನ್ನುವ ವಸ್ತುವಿನ ಮೇಲೆ ಬೂದಿಯ ಲೆಕ್ಕ ಬರೆಯುವ ಜನ!). ಮೊದಲೆರಡು ವರ್ಷ ಮೈದಾದಂತೆ ಬೆಳ್ಳಗೆ ಕಾಣುವ 405 ತಂದು ಮೋಸಹೋದೆವು. ತಟ್ಟಿದಲ್ಲೆಲ್ಲ ಹರಿದು ಹೂರಣ ಇಣುಕುತ್ತಿತ್ತು. 550ರಲ್ಲಿ ಜಿಗುಟು ಜಾಸ್ತಿ. ಬೆಳಿಗ್ಗೆಯೇ ಕಲಸಿ ಎಣ್ಣೆಯಲ್ಲಿ ಮುಳುಗಿಸಿಟ್ಟು ಹೋದರೆ, ಸಂಜೆಗೆ ಎಳೆದತ್ತ ಬರುತ್ತದೆ.

ಪೂಜೆ, ಪಂಚಾಂಗದ ನಾಲ್ಕು ಸಾಲು, ಕೋಸಂಬರಿ, ಮಾವಿನಕಾಯಿ ಸಿಗದೆ ನಿಂಬೆಹಣ್ಣಿಗೆ ಇಳಿದ ಚಿತ್ರಾನ್ನ. ಒಂಬತ್ತಕ್ಕೆ ಊಟಕ್ಕೆ ಕೂತಾಗ ಮಗಳು ತೂಕಡಿಸುತ್ತಿದ್ದಳು. ಬಿಸಿ ಹೋಳಿಗೆ, ಮೇಲೆ ತುಪ್ಪ. ಚೆನ್ನಾಗಿತ್ತು, ನಿಜ. ಆದರೆ ಮರುದಿನದ ಮೀಟಿಂಗು ತಲೆಯಲ್ಲಿಟ್ಟುಕೊಂಡು ಉಂಡ ಊಟ ಎಷ್ಟು ರುಚಿಸೀತು?

ರುಚಿಸಿದ್ದು ಬುಧವಾರ. ಕಟ್ಟಿನ ಸಾರಿಗೆ ಹಿಡಿ ಹೂರಣ, ಹುಣಸೆರಸ, ಹುರಿದು ಪುಡಿಮಾಡಿದ ಒಣಕೊಬ್ಬರಿ, ಜೀರಿಗೆ, ಲವಂಗ, ಚಕ್ಕೆ ಎಲ್ಲ ಬಿದ್ದಿರುತ್ತವಲ್ಲ, ಅವು ಒಂದಕ್ಕೊಂದು ಪರಿಚಯವಾಗಲು ಒಂದು ರಾತ್ರಿಯಾದರೂ ಬೇಕು. ಆಫೀಸಿನಿಂದ ಬಂದು ಅನ್ನಕ್ಕಿಟ್ಟು, ಸಾರು ಕುದಿಸಿ, ಇಂಗು ಕರಿಬೇವಿನ ಒಗ್ಗರಣೆ ಇನ್ನೊಮ್ಮೆ ಹಾಕಿದೆ. ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಹುಳಿ, ಸಿಹಿ, ಖಾರ ಎಲ್ಲಿ ಮುಗಿದು ಎಲ್ಲಿ ಶುರುವಾಗುತ್ತವೆಂದು ತಿಳಿಯದಂಥ ಸಾರು. ಮಗಳು ತಟ್ಟೆ ಎತ್ತಿ ಕುಡಿದಳು. ನಾವೂ ಯಾರೂ ನೋಡುತ್ತಿಲ್ಲವೆಂದು ಹಾಗೇ ಮಾಡಿದೆವು.

ಮಲಗುವ ಮುಂಚೆ ಅಮ್ಮ ಫೋನ್ ಮಾಡಿದಳು.

“ಇವತ್ತೇನೋ ಅಡುಗೆ?”

“ನಿನ್ನೆ ಸಾರೇ ಅಮ್ಮ.”

“ಇನ್ನೂ ಉಳಿದಿದೆಯಾ?” ಎಂದವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಇಲ್ಲಿ ನಿನ್ನೆ ಮಧ್ಯಾಹ್ನವೇ ತಳ ಕಂಡಿತು. ನಿಮ್ಮಪ್ಪ ಎರಡು ಸಲ ಬಡಿಸಿಕೊಂಡರು.”